ಬಾಗಿಲು ಕಾಯಲು ಹುಟ್ಟಿದ ಕಂಪ್ಯೂಟರ್

1960ರ ಆಸುಪಾಸಿನಲ್ಲಿ ಕಂಪ್ಯೂಟರ್ ಎಂದರೆ ಗರ್ಭಗುಡಿಯ ದೇವರು. ತಣ್ಣನೆಯ ಎಸಿ ಕೋಣೆಯಲ್ಲಿ ಅದರ ವಾಸ. ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಬಂದರೆ ಉತ್ತರ ಸಿಗುವುದು ಎಷ್ಟೋ ಹೊತ್ತಿನ ಮೇಲೆ. ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ!

ಈ ದೇವರನ್ನು ಕಾವಲಿಗೆ ಕೂರಿಸುವುದು ಮಾತ್ರ ದುಬಾರಿ ಬಾಬತ್ತು. ಅಂಥ ಕಾವಲು ಬೇಕಾದದ್ದು ಕೆನಡಾದ ಒಟ್ಟಾವಾ ನದಿಯ ದಂಡೆಯಲ್ಲಿರುವ ಚಾಕ್ ರಿವರ್ ಪರಮಾಣು ಕೇಂದ್ರಕ್ಕೆ. ನಮ್ಮ ಟ್ರಾಂಬೆಯ ಸೈರಸ್ ರಿಯಾಕ್ಟರಿಗೆ ಮಾದರಿ ಬಂದದ್ದು ಅಲ್ಲಿಂದಲೇ. ಅಲ್ಲಿನ ರಿಯಾಕ್ಟರಿನ ಅಳತೆಗಳು ಬಿಡುವಿಲ್ಲದೆ ಬರುತ್ತಿದ್ದವು. ಆ ವಿದ್ಯುತ್ ಸಂಕೇತಗಳನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಮುಟ್ಟಿಸಬೇಕಿತ್ತು. ಕೆಲಸ ಹೋದದ್ದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿಗೆ. ಚಿಕ್ಕದಾಗಿ ಹೇಳಿದರೆ ಡೆಕ್.

ಡೆಕ್ ಹುಟ್ಟಿದ್ದು 1957ರಲ್ಲಿ, ಮ್ಯಾಸಚೂಸೆಟ್ಸ್‌ನ ಮೇನಾರ್ಡ್ ಊರಿನ ಹಳೆಯ ಉಣ್ಣೆ ಗಿರಣಿಯೊಳಗೆ. ಕೆನ್ ಓಲ್ಸೆನ್ ಮತ್ತು ಹಾರ್ಲನ್ ಆಂಡರ್ಸನ್ ಅದರ ಸ್ಥಾಪಕರು; ಬಂಡವಾಳ 70,000 ಡಾಲರ್. ಹಣ ಹಾಕಿದವರಿಗೆ ಕಂಪ್ಯೂಟರ್ ಎಂಬ ಮಾತು ಕೇಳಿದರೇ ದಿಗಿಲು, ಆ ಧಂದೆಯಲ್ಲಿ ಕೈ ಸುಟ್ಟುಕೊಂಡವರೇ ಹೆಚ್ಚು. ಹಾಗಾಗಿ ಡೆಕ್ ತನ್ನ ಯಂತ್ರಗಳಿಗೆ ಪ್ರೋಗ್ರಾಮ್ಡ್ ಡೇಟಾ ಪ್ರೊಸೆಸರ್, ಅಂದರೆ ಪಿಡಿಪಿ, ಎಂದು ಹೆಸರಿಟ್ಟು ಜಾಣತನದಿಂದ ಜಾರಿಕೊಂಡಿತು.

ಚಾಕ್ ರಿವರ್‌ಗೆ ಡೆಕ್‌ನ ಪಿಡಿಪಿ-4 ಯಂತ್ರವೆಂದು ನಿಶ್ಚಯವಾಗಿತ್ತು. ಅದಕ್ಕೂ ರಿಯಾಕ್ಟರಿಗೂ ನಡುವೆ, ಆ ಒಂದು ಕೆಲಸಕ್ಕೆಂದೇ ತಂತಿ ಹೆಣೆದ ಪೆಟ್ಟಿಗೆಯೊಂದು ಬೇಕಿತ್ತು. ಅಂಥ ಪೆಟ್ಟಿಗೆಯ ಕಾಟವೇನೆಂದರೆ, ಬೇಡಿಕೆ ಚೂರು ಬದಲಾದರೂ ಬೆಸುಗೆ ಬಿಚ್ಚಿ ಮತ್ತೆ ಹಾಕಬೇಕು. ಗಾರ್ಡನ್ ಬೆಲ್ ಎಂಬ ಎಂಜಿನಿಯರ್ ಬೇರೆ ದಾರಿ ಹುಡುಕಿದ. ಆ ಪೆಟ್ಟಿಗೆಯನ್ನೇ ಒಂದು ಪುಟ್ಟ ಕಂಪ್ಯೂಟರ್ ಮಾಡಿಬಿಟ್ಟರೆ? ಆಗ ತಂತಿ ಮುಟ್ಟುವುದೇ ಬೇಡ, ಪ್ರೋಗ್ರಾಂ ಬದಲಿಸಿದರೆ ಸಾಕು. ಹೀಗೆ 1963ರಲ್ಲಿ ಪಿಡಿಪಿ-5 ಬಂತು. ಬೆಲೆ 27,000 ಡಾಲರ್. ದೊಡ್ಡ ಯಂತ್ರದ ಬಾಗಿಲಿಗೆ ಮಾಡಿದ ಕಾವಲುಗಾರನನ್ನು ಬಿಡಿಯಾಗಿಯೂ ಮಾರಬಹುದೆಂದು ಆಮೇಲೆ ಹೊಳೆಯಿತು.

ಅದರ ತಮ್ಮ ಪಿಡಿಪಿ-8, 1965ರಲ್ಲಿ 18,000 ಡಾಲರಿಗೆ ಮೇಜಿನ ಮೇಲೇ ಕೂತಿತು. ರೂಪಿಸಿದವನು ಎಡ್ಸನ್ ಡಿ ಕ್ಯಾಸ್ಟ್ರೊ. ಅದರ ಜಿಪುಣತನ ನೋಡಿಯೇ ಸವಿಯಬೇಕು. 12 ಬಿಟ್‌ನ 4,096 ಪದಗಳಷ್ಟು ನೆನಪು, ಮೂಲ ಆಜ್ಞೆಗಳು ಎಂಟೇ ಎಂಟು. ಕಳೆಯುವ ಆಜ್ಞೆಯೇ ಇಲ್ಲ! ಐದರಲ್ಲಿ ಮೂರು ಕಳೆಯಬೇಕೇ? ಮೂರರ ಬಿಟ್‌ಗಳನ್ನೆಲ್ಲ ತಿರುವಿಹಾಕಿ, ಒಂದು ಸೇರಿಸಿ, ಐದಕ್ಕೆ ಕೂಡಿಸಿ. ಚಾಲೂ ಮಾಡುವುದಂತೂ ಕೈಕಸುಬು. ಮುಂಭಾಗದಲ್ಲಿ ಹನ್ನೆರಡು ಸ್ವಿಚ್, ಮೂರು ಮೂರರ ಗುಂಪಿನಲ್ಲಿ. ಮೇಲೆ, ಕೆಳಗೆ, ಮೇಲೆ ಎಂದು ಒಂದೊಂದೇ ಆಜ್ಞೆಯನ್ನು ಬೆರಳಲ್ಲಿ ಒತ್ತಿ ಉಣಿಸಿದ ಮೇಲೆ, ಟೆಲಿಟೈಪಿನಲ್ಲಿ ಪ್ರೋಗ್ರಾಂ ಇದ್ದ ಕಾಗದದ ಪಟ್ಟಿ ಸೆಕೆಂಡಿಗೆ ಹತ್ತು ಅಕ್ಷರದಂತೆ ಕಟಕಟ ಎನ್ನುತ್ತ ಸರಿಯುತ್ತಿತ್ತು. ನಡುವೆ ಕಾಫಿ ಕುಡಿದು ಬರುವಷ್ಟು ಪುರಸೊತ್ತು.

ಆದರೇನು, ಪೂಜಾರಿಯ ಹಂಗು ತಪ್ಪಿತು. ಈ ಮನೆತನದ ಯಂತ್ರಗಳು 50,000ಕ್ಕೂ ಮೀರಿ ಮಾರಾಟವಾದವು. ಮಿನಿ ಕಂಪ್ಯೂಟರ್ ಎಂಬ ಹೆಸರೂ ನಿಂತಿತು.

ಬಾಗಿಲು ಕಾಯುವ ಹಳೇ ಚಾಕರಿ ಮಾತ್ರ ಮಿನಿಗಳನ್ನು ಬಿಡಲಿಲ್ಲ. 1969ರಲ್ಲಿ ಇಂಟರ್‌ನೆಟ್ಟಿನ ಅಜ್ಜ ಅರ್ಪಾನೆಟ್ ಶುರುವಾದಾಗ, ಪ್ರತಿ ಸಂಸ್ಥೆಯ ದೊಡ್ಡ ಕಂಪ್ಯೂಟರಿನ ಮುಂದೆ ಹನಿವೆಲ್ ಡಿಡಿಪಿ-516 ಎಂಬ ಮಿನಿಯನ್ನು ಸಂದೇಶ ಹೊರಲು ನಿಲ್ಲಿಸಿದರು. ಫೈಲ್ ಸರ್ವರ್, ಪ್ರಿಂಟ್ ಸರ್ವರ್, ಮೇಲ್ ಸರ್ವರ್ ಎಂದು ಮುಂದೆ ಬಂದವೆಲ್ಲ ನನ್ನ ಕಣ್ಣಿಗೆ ಇದೇ ಜಾತಿಯವು. ಸರ್ವರ್ ಎನ್ನುವುದು ಗಾತ್ರದ ಹೆಸರಲ್ಲ, ಊಳಿಗದ ಹೆಸರು. ಒಬ್ಬ ಕಡತ ಕಾಯುತ್ತಾನೆ, ಇನ್ನೊಬ್ಬ ಟಪಾಲು ಹಂಚುತ್ತಾನೆ.

ಡಿ ಕ್ಯಾಸ್ಟ್ರೊ ಡೆಕ್‌ನಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. 16 ಬಿಟ್‌ನ ಯಂತ್ರ ಮಾಡೋಣವೆಂದ ಅವನ ಯೋಜನೆಗೆ ಮೇಲಿನವರು ಒಪ್ಪಲಿಲ್ಲ. 1968ರಲ್ಲಿ ಹೊರಬಿದ್ದು ಡೇಟಾ ಜನರಲ್ ಕಟ್ಟಿದ. ಹದಿನೈದು ವರ್ಷದ ನಂತರ, ಮೈಕೋ ಕಾರ್ಖಾನೆಯ ಕೆಲಸಕ್ಕೆಂದು ಪುಣೆಯಿಂದ ಬೆಂಗಳೂರಿಗೆ ಗಂಟುಮೂಟೆ ಕಟ್ಟಿಕೊಂಡು ಬಂದ ಇನ್ಫೋಸಿಸ್ ಎಂಬ ಸಣ್ಣ ಕಂಪನಿ ತರಿಸಿಕೊಂಡ ಮೊದಲ ಕಂಪ್ಯೂಟರ್ ಅವನ ಅಂಗಡಿಯದೇ: ಎಂವಿ/8000, 32 ಬಿಟ್‌ನದು.