ರೈಫಲ್ಲಿನ ನಿಖರತೆ: ಒಂದು ಈಡು, ಹಲವು ಈಡು

1860ರ ಜುಲೈ 2ರಂದು, ಲಂಡನ್ನಿನ ಬಳಿಯ ವಿಂಬಲ್ಡನ್ ಬಯಲಿನಲ್ಲಿ ರಾಷ್ಟ್ರೀಯ ರೈಫಲ್ ಸಂಘದ ಪ್ರಥಮ ಸ್ಪರ್ಧೆಯನ್ನು ವಿಕ್ಟೋರಿಯಾ ರಾಣಿಯು ಉದ್ಘಾಟಿಸಿದಳು. ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿಯು ನಿರ್ಮಿಸಿದ್ದ ರೈಫಲ್ಲನ್ನು ಭದ್ರವಾದ ಆಸರೆಯ ಮೇಲೆ ನಿಲ್ಲಿಸಿ, 400 ಗಜ ದೂರದ ಗುರಿಗೆ ಮೊದಲೇ ಹೂಡಿಡಲಾಗಿತ್ತು. ರಾಣಿಯು ಮಾಡಿದ್ದು ಕುದುರೆಗೆ ಕಟ್ಟಿದ ದಾರವನ್ನು ಎಳೆದುದಷ್ಟೆ. ಗುಂಡು ಗುರಿಯ ಮಧ್ಯಬಿಂದುವಿನಿಂದ ಒಂದೂವರೆ ಅಂಗುಲದೊಳಗೆ ನಾಟಿತು. ಈ ಒಂದು ಈಡಿನಿಂದ ಆ ರೈಫಲ್ಲಿನ ಯೋಗ್ಯತೆ ಸಿದ್ಧವಾಯಿತೆ? ಆಗಲಿಲ್ಲವೆಂಬುದನ್ನೂ, ಅದು ಸಿದ್ಧವಾದುದು ಬೇರೊಂದು ಬಗೆಯಿಂದ ಎಂಬುದನ್ನೂ ಇಲ್ಲಿ ವಿವರಿಸಬೇಕಾಗಿದೆ.

ಎರಡು ರೈಫಲ್ಲುಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದರಿಂದ ಹಾರಿಸಿದ ಐದು ಗುಂಡುಗಳೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಒತ್ತಾಗಿ ಬಿದ್ದಿವೆ. ಆದರೆ ಆ ಜಾಗ ಗುರಿಯಿಂದ ಒಂದು ಗೇಣು ಎಡಕ್ಕಿದೆ. ಎರಡನೆಯದರ ಒಂದು ಗುಂಡು ನಡುಮಧ್ಯದಲ್ಲಿದ್ದು, ಉಳಿದ ನಾಲ್ಕು ದಿಕ್ಕಿಗೊಂದಾಗಿ ಚದುರಿವೆ. ಸಾಮಾನ್ಯರು ಎರಡನೆಯದನ್ನು ಮೆಚ್ಚಿಯಾರು. ತಜ್ಞನು ಮೊದಲನೆಯದನ್ನೇ ಆರಿಸುತ್ತಾನೆ. ಅದರ ದೋಷ ನಿಯತವಾದುದು. ದೃಷ್ಟಿಪಟ್ಟಿಯನ್ನು ಒಂದಿಷ್ಟು ಸರಿಸಿದರೆ ನೀಗುತ್ತದೆ. ಎರಡನೆಯದರ ದೋಷಕ್ಕೆ ನಿಯಮವೇ ಇಲ್ಲವಾದುದರಿಂದ ಪರಿಹಾರವೂ ಇಲ್ಲ. ಏಕರೂಪತೆಯಿದ್ದಲ್ಲಿ ನಿಖರತೆಯನ್ನು ಸಾಧಿಸಬಹುದು; ಅದಿಲ್ಲದಲ್ಲಿ ನಿಖರತೆ ಕೇವಲ ಆಕಸ್ಮಿಕ.

ಈ ಅನಿಯತತೆಯ ಮೂಲವನ್ನು ಪ್ರಯೋಗದಿಂದ ಹುಡುಕಿದವನು ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞ. ಫಿರಂಗಿವಿದ್ಯೆಯನ್ನು ಕುರಿತ ಅವನ ಗ್ರಂಥ 1742ರಲ್ಲಿ ಪ್ರಕಟವಾಯಿತು. ನುಣುಪಾದ ನಳಿಗೆಯಲ್ಲಿ ದುಂಡು ಗುಂಡು ಒಂದಿಲ್ಲೊಂದು ಬದಿಗೆ ಉಜ್ಜಿ, ಮನಬಂದಂತೆ ತಿರುಗುತ್ತ ಹೊರಬೀಳುತ್ತದೆ. ಆ ತಿರುಗುವಿಕೆಯೇ ವಾಯುವಿನಲ್ಲಿ ಅದನ್ನು ದಾರಿ ತಪ್ಪಿಸುತ್ತದೆ ಎಂಬುದು ಅವನ ಸಿದ್ಧಾಂತ. ಇದನ್ನು ತೋರಿಸಲು ಅವನು ಒಂದು ನಳಿಗೆಯ ತುದಿಯನ್ನು ಎಡಕ್ಕೆ ಬಾಗಿಸಿದನು. ಗುಂಡು ಮೊದಲು ಎಡಕ್ಕೆ ಹೊರಟು, ಬಳಿಕ ಬಲಕ್ಕೆ ಹೊರಳಿತು! ಇದೇ ರಾಬಿನ್ಸನು ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಎಂಜಿನಿಯರನಾಗಿ 1750ರಲ್ಲಿ ನಮ್ಮ ದೇಶಕ್ಕೆ ಬಂದು, ಮರುವರ್ಷವೇ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ತಿರುಗುವುದನ್ನು ತಪ್ಪಿಸಲಾಗದಿದ್ದರೆ ಅದನ್ನು ನಿಯಮಕ್ಕೊಳಪಡಿಸಬೇಕು. ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳ ಕಾರ್ಯ ಇದೇ. ಅವುಗಳಿಂದ ಗುಂಡು ತನ್ನ ಪಯಣದ ದಿಕ್ಕನ್ನೇ ಅಕ್ಷವಾಗಿಸಿಕೊಂಡು, ವೇಗವಾಗಿ ಸುತ್ತುವ ಬುಗುರಿಯಂತೆ ಸ್ಥಿರವಾಗಿ ನಿಲ್ಲುತ್ತದೆ. ಅಂದಿನ ಬ್ರಿಟಿಷ್ ಸೈನ್ಯದ ಎನ್‌ಫೀಲ್ಡ್ ರೈಫಲ್ಲಿನ ಗೀರುಗಳು 78 ಅಂಗುಲಕ್ಕೆ ಒಂದು ಸುತ್ತು ತಿರುಗುತ್ತಿದ್ದವು. ವಿಟ್‌ವರ್ತನು ತನ್ನ ನಳಿಗೆಯ ರಂಧ್ರವನ್ನೇ ಷಟ್ಕೋನವಾಗಿಸಿ, 20 ಅಂಗುಲಕ್ಕೆ ಒಂದು ಸುತ್ತು ಕೊಟ್ಟನು. 1857ರ ಪರೀಕ್ಷೆಯಲ್ಲಿ, 500 ಗಜ ದೂರದಲ್ಲಿ, ಎನ್‌ಫೀಲ್ಡ್ ಗುಂಡುಗಳ ಸರಾಸರಿ ಚದುರುವಿಕೆ 2.24 ಅಡಿಯಾದರೆ ವಿಟ್‌ವರ್ತನ ಗುಂಡುಗಳದು 0.37 ಅಡಿ. ರೈಫಲ್ಲಿನ ನಿಜವಾದ ಪ್ರಮಾಣಪತ್ರ ಈ ಸರಾಸರಿ. ರಾಣಿಯ ಈಡು ಅದರ ಉತ್ಸವಮೂರ್ತಿ ಮಾತ್ರ.

ವಿಟ್‌ವರ್ತನು ಹುಟ್ಟು ಬಂದೂಕುಗಾರನಲ್ಲ. ತಿರುಪುಗಳಿಗೆ ಏಕರೂಪದ ಅಳತೆಯನ್ನು 1841ರಲ್ಲಿ ಸೂಚಿಸಿದವನು. ಅಂಗುಲದ ಹತ್ತು ಲಕ್ಷದಲ್ಲೊಂದು ಅಂಶವನ್ನು ತೋರಿಸುವ ಮಾಪನಯಂತ್ರವನ್ನು ನಿರ್ಮಿಸಿದವನು. ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯ ರಂಧ್ರ, ಅದಕ್ಕೆ ತಕ್ಕ ಗುಂಡು: ಇವು ಅವನ ಅಳತೆಯ ಶಿಸ್ತಿನ ಫಲಗಳು.

ಆದರೆ ನಳಿಗೆಯೊಂದೇ ಸಾಲದು. ತೋಟಾದಿಂದ ತೋಟಾಕ್ಕೆ ಮದ್ದಿನ ಪ್ರಮಾಣ ವ್ಯತ್ಯಾಸವಾದರೆ ವೇಗವೂ ವ್ಯತ್ಯಾಸವಾಗುತ್ತದೆ. ಸೆಕೆಂಡಿಗೆ 800 ಮೀಟರ್ ಬದಲು 790 ಮೀಟರ್ ವೇಗದಲ್ಲಿ ಹೊರಟ ಗುಂಡು, ವಾಯುವಿನ ತಡೆಯನ್ನು ಗಣಿಸದಿದ್ದರೂ, 300 ಮೀಟರ್ ದೂರದಲ್ಲಿ ಸುಮಾರು 2 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಇನ್ನು, ಮದ್ದು ಸಿಡಿದೊಡನೆ ನಳಿಗೆಯು ಮೀಟಿದ ತಂತಿಯಂತೆ ಕಂಪಿಸುತ್ತದೆ. ಈ ಕಂಪನ ದೋಷವಲ್ಲ. ಪ್ರತಿಸಲವೂ ಒಂದೇ ರೀತಿಯಾಗಿರದಿರುವುದು ದೋಷ. ಮಳೆಗಾಲದ ತೇವಕ್ಕೆ ಮರದ ಹಿಡಿ ಉಬ್ಬಿ ನಳಿಗೆಯನ್ನು ಒತ್ತಿದರೆ ಕಂಪನದ ರೀತಿಯೇ ಬದಲಾಗುತ್ತದೆ. ಆದುದರಿಂದಲೇ ನಿಖರವಾದ ರೈಫಲ್ಲುಗಳಲ್ಲಿ ನಳಿಗೆಗೂ ಹಿಡಿಗೂ ನಡುವೆ ತೆರವು ಬಿಡುವ ಪದ್ಧತಿ ಬಂದಿತು. ಗುಂಡು ಕೊನೆಯಲ್ಲಿ ಸ್ಪರ್ಶಿಸುವ ನಳಿಗೆಯ ಬಾಯಂಚು ಒಂದೆಡೆ ತರಚಿದ್ದರೂ ಅನಿಲವು ಅಸಮವಾಗಿ ನುಗ್ಗಿ ಗುಂಡನ್ನು ಓರೆಯಾಗಿಸುತ್ತದೆ.

ಇಷ್ಟೆಲ್ಲ ಸಾಧಿಸಿದ ವಿಟ್‌ವರ್ತ್ ರೈಫಲ್ಲನ್ನು ಬ್ರಿಟಿಷ್ ಸೈನ್ಯ ತನ್ನ ಸಾಮಾನ್ಯ ಆಯುಧವಾಗಿ ಸ್ವೀಕರಿಸಲಿಲ್ಲ. ಅದರ ಬೆಲೆ ಹೆಚ್ಚು; ಕರಿಮದ್ದಿನ ಮಸಿ ಕಟ್ಟಿದಂತೆಲ್ಲ ಕಿರಿದಾದ ಆ ನಳಿಗೆಗೆ ಗುಂಡು ತುಂಬುವುದೂ ಕಷ್ಟ. ಶುಚಿಯಾದ ನಳಿಗೆಯ ಮೊದಲ ಈಡಿನಲ್ಲಿ ಕಂಡ ಗುಣ ಮಸಿಗಟ್ಟಿದ ಐವತ್ತನೆಯ ಈಡಿನಲ್ಲಿಯೂ ಉಳಿಯಬೇಕೆಂಬ ಸೈನ್ಯದ ಅಪೇಕ್ಷೆಯೂ ಏಕರೂಪತೆಯ ಅಪೇಕ್ಷೆಯೇ ಅಲ್ಲವೆ?

2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಅವರು 10 ಮೀಟರ್ ವಾಯುರೈಫಲ್ ಸ್ಪರ್ಧೆಯಲ್ಲಿ ಚಿನ್ನದ ಪದಕ ಪಡೆದರು. ಆ ಗುರಿಯ ನಡುಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಅರ್ಹತಾ ಸುತ್ತಿನಲ್ಲಿ 60, ಅಂತಿಮ ಸುತ್ತಿನಲ್ಲಿ 10: ಒಟ್ಟು 70 ಈಡುಗಳು. ಇಲ್ಲಿ ಕೈ, ಉಸಿರು, ಬೆರಳಿನ ಒತ್ತಡಗಳೂ ಯಂತ್ರದ ಭಾಗಗಳಂತೆ ಪ್ರತಿಸಲವೂ ಒಂದೇ ಆಗಿರಬೇಕು. ವಿಂಬಲ್ಡನ್ನಿನ ಒಂದು ಈಡು ನೆರೆದ ಜನರನ್ನು ಬೆರಗುಗೊಳಿಸಿತು. ಆದರೆ ರೈಫಲ್ಲನ್ನಾಗಲಿ ಅದನ್ನು ಹಿಡಿದವನನ್ನಾಗಲಿ ಅಳೆಯಬೇಕಾದವರು ಎಪ್ಪತ್ತನೆಯ ಈಡಿನವರೆಗೂ ಕಾಯಬೇಕು.