ಅವನ ರಿಪೋರ್ಟ್ ನಿಮ್ಮ ರಿಪೋರ್ಟ್ ಅಲ್ಲ



ಆರೋಗ್ಯದ ಕಾರ್ಯಕ್ರಮ ಮುಗಿದು ಹಾಡು ಹಾಕಿದ ಮೇಲೂ ಒಂದು ಫೋನ್ ಕರೆ ಕಾಯುತ್ತಿತ್ತು. ಮುಂಬೈಯಿಂದ ಮಾತಾಡುತ್ತಿದ್ದವರು ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. "ಅಕ್ಕಾರ, ನಾವಿಬ್ರೂ ಗಂಡಸ್ರು, ನಾಕು ವರ್ಷದಿಂದ ಜೋಡಿಯಾಗಿ ಅದೀವಿ. ಅವನ ಎಚ್‌ಐವಿ ರಿಪೋರ್ಟ್ ನೆಗೆಟಿವ್ ಬಂದೈತಿ. ಅಂದಮ್ಯಾಲ ನಂದೂ ನೆಗೆಟಿವ್ ಅಲ್ಲೇನ್ರಿ?" ಎಂದರು. ಬೇರೆಯವರಿಗೂ ಉಪಯೋಗವಾಗಲಿ ಎಂದು ಬರೆಯಲು ಒಪ್ಪಿದವರೂ ಅವರೇ.

ಉತ್ತರ: ಅಲ್ಲ. ಎಚ್‌ಐವಿ ಪ್ರತಿ ಸಲದ ಸಂಪರ್ಕದಲ್ಲೂ ದಾಟುವುದಿಲ್ಲ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳು ಬೇಕಾದಷ್ಟಿವೆ. ನಿಮ್ಮ ರಕ್ತದ ಮಾತು ನಿಮ್ಮ ರಕ್ತವೇ ಹೇಳಬೇಕು.

ಇನ್ನೊಂದು ವಿಷಯ. ರಿಪೋರ್ಟ್ ಇವತ್ತಿನದಾದರೂ ಅದು ಹೇಳುವುದು ಹಿಂದಿನ ಕಥೆ. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣದು. ಲ್ಯಾಬ್‌ನ ಆಂಟಿಜನ್-ಆಂಟಿಬಾಡಿ ಪರೀಕ್ಷೆಗೆ ಸುಮಾರು 45 ದಿನ, ಆಂಟಿಬಾಡಿ ಮಾತ್ರ ನೋಡುವ ರ್‍ಯಾಪಿಡ್ ಪರೀಕ್ಷೆಗೆ 90 ದಿನಗಳವರೆಗೂ ಬೇಕಾಗಬಹುದು. ಈ ಅವಧಿಗೆ 'ವಿಂಡೋ ಪೀರಿಯಡ್' ಎನ್ನುತ್ತಾರೆ. ಹೊಸದಾಗಿ ಜೊತೆಯಾದವರು ಒಮ್ಮೆ ಪರೀಕ್ಷೆ ಮಾಡಿಸಿ, ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಮಾಡಿಸಬೇಕು. ಅಲ್ಲಿಯವರೆಗೆ ಕಾಂಡೋಮ್ ಬಿಡಬಾರದು.

ಎಚ್‌ಐವಿ ಒಂದನ್ನೇ ನೋಡಿದರೆ ಸಾಲದು. ಸಿಫಿಲಿಸ್‌ಗೆ ರಕ್ತಪರೀಕ್ಷೆ ಇದೆ, ಹೆಪಟೈಟಿಸ್ ಬಿ ಗೆ ಲಸಿಕೆಯೂ ಇದೆ. ಗನೋರಿಯಾ, ಕ್ಲಮೈಡಿಯಾ ಗಂಟಲಲ್ಲೋ ಗುದದಲ್ಲೋ ನೋವು, ಉರಿ ಏನೂ ಇಲ್ಲದೆ ಕೂತಿರಬಹುದು. ಮೂತ್ರಪರೀಕ್ಷೆಯಲ್ಲಿ ಅದು ಸಿಗದು. ಹಾಗಾಗಿ ಸಂಬಂಧ ಯಾವ ಬಗೆಯದು ಎಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಎಲ್ಲಿ ಪರೀಕ್ಷಿಸಬೇಕೆಂದು ಅವರಿಗೆ ತಿಳಿಯುವುದೇ ಆಗ.

ಹೇಳಲು ಭಯವೇ? ಪರಸ್ಪರ ಒಪ್ಪಿದ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿದೆ. ಅದೇ ತಿಂಗಳು ಜಾರಿಗೆ ಬಂದ 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ಫಲಿತಾಂಶದ ಗುಟ್ಟು ಕಾಪಾಡಬೇಕು.

ಎಲ್ಲಿ ಹೋಗುವುದು? ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ, ಆಪ್ತಸಲಹೆ ಎರಡೂ ಉಚಿತ. ಹತ್ತಿರದ ಕೇಂದ್ರ ತಿಳಿಯಲು 1097ಕ್ಕೆ ಫೋನ್ ಮಾಡಿ, ಶುಲ್ಕವಿಲ್ಲ. ಮುಂಬೈಯಲ್ಲಿ 1994ರಿಂದ ಹಮ್‌ಸಫರ್ ಟ್ರಸ್ಟ್ ಇಂಥ ಗೆಳೆಯರ ಜೊತೆಗೇ ಕೆಲಸ ಮಾಡುತ್ತಿದೆ.

ಪಾಸಿಟಿವ್ ಬಂದರೆ? ಬದುಕು ಮುಗಿಯಲಿಲ್ಲ. ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ 2004ರಿಂದ ಔಷಧ ಉಚಿತ. ದಿನವೂ ತಪ್ಪದೆ ಮಾತ್ರೆ ನುಂಗಿ, ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಎಚ್‌ಐವಿ ದಾಟುವುದಿಲ್ಲ. ಸೋಂಕಿಲ್ಲದವರಿಗೆ ಮುಂಚಿತವಾಗಿ ನುಂಗುವ 'ಪ್ರೆಪ್' ಮಾತ್ರೆ ಇದೆ, ವೈದ್ಯರನ್ನು ಕೇಳಿ. ಕಾಂಡೋಮ್ ಹರಿದಂಥ ಸಂದರ್ಭದಲ್ಲಿ 72 ಗಂಟೆಯೊಳಗೆ ಆಸ್ಪತ್ರೆಗೆ ಓಡಿ. 28 ದಿನಗಳ 'ಪೆಪ್' ಔಷಧ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ಫೋನ್ ಇಡುವ ಮುನ್ನ ಆ ಕೇಳುಗರು ಮೆಲ್ಲಗೆ ಕೇಳಿದರು: "ನಾ ಟೆಸ್ಟಿಗೆ ಹೊಂಟ್ರ, ನನ್ ಮ್ಯಾಲ ನಂಬಿಕಿ ಇಲ್ಲೇನು ಅಂತಾನ. ಏನ್ ಹೇಳ್ಲಿ?"

ಇದೇ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ನಂಬಿಕೆ ಮನಸ್ಸಿನದು, ಸೋಂಕು ಮೈಯದು. ನೀವಿಬ್ಬರೂ ಭೇಟಿಯಾಗುವ ಮೊದಲೇ ಬಂದದ್ದೂ ಇರಬಹುದು, ಅದರಲ್ಲಿ ಯಾರ ತಪ್ಪೂ ಇಲ್ಲ. "ನೀನು ಮಾಡಿಸು" ಎನ್ನಬೇಡಿ, "ನಾನು ಹೋಗ್ತೀನಿ" ಎಂದೂ ಒಬ್ಬರೇ ಹೊರಡಬೇಡಿ. "ಶನಿವಾರ ಇಬ್ಬರೂ ಹೋಗಿ ಬರೋಣ" ಎನ್ನಿ. ವರ್ಷಕ್ಕೊಮ್ಮೆಯಾದರೂ ಹೋಗಿ, ಬೇರೆ ಸಂಗಾತಿಗಳೂ ಇದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ.

ಮತ್ತೆ ಸಿಗೋಣ. ಕೇಳ್ತಾ ಇರಿ, ಆರೋಗ್ಯವಾಗಿರಿ.