ಜೈಲಿನ ದೊಡ್ಡಿಯಲ್ಲಿ ಕಾಡುಕುದುರೆ

ಅಮೆರಿಕದ ನೆವಾಡಾ ರಾಜ್ಯದ ರಾಜಧಾನಿ ಕಾರ್ಸನ್ ಸಿಟಿಯ ಜೈಲಿನಲ್ಲಿ ಕೈದಿಗಳು ಕಾಡುಕುದುರೆ ಪಳಗಿಸುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಅಲ್ಲಿಗೆ ಬರುವ ಮುನ್ನ ಕುದುರೆಯ ಮೈ ಮುಟ್ಟಿದವರಲ್ಲ. ಸುಮಾರು ನಾಲ್ಕು ತಿಂಗಳಲ್ಲಿ ಅದಕ್ಕೆ ಜೀನು ಹಾಕಿ, ಹರಾಜಿನ ದಿನ ಜನರೆದುರು ಸವಾರಿ ಮಾಡಿ ತೋರಿಸಬೇಕು.

ಈ ಕುದುರೆಗಳು ಮಸ್ಟಾಂಗ್‌ಗಳು. ಸ್ಪೇನಿನವರು ತಂದ ಕುದುರೆಗಳಲ್ಲಿ ತಪ್ಪಿಸಿಕೊಂಡವು ಇವುಗಳ ಮೂಲ. 1971ರ ಕಾಯ್ದೆಯಿಂದ ಇವಕ್ಕೆ ರಕ್ಷಣೆ ಸಿಕ್ಕಿತು. ಹಿಂಡು ಬೆಳೆದು ಬಯಲಿನ ಹುಲ್ಲು, ನೀರು ಸಾಲದಾದಾಗ ಹೆಚ್ಚಾದವನ್ನು ಸರ್ಕಾರವೇ ಹಿಡಿದು ತರತೊಡಗಿತು. ಆದರೆ ಪಳಗದ ಕುದುರೆಯನ್ನು ಕೊಳ್ಳುವವರಾರು? 1986ರಲ್ಲಿ ಕೊಲರಾಡೊದ ಕ್ಯಾನ್ಯನ್ ಸಿಟಿ ಜೈಲಿನಲ್ಲಿ ಕೈದಿಗಳಿಂದ ಅವನ್ನು ಪಳಗಿಸುವ ಈ ಕೆಲಸ ಶುರುವಾಯಿತು. ನೆವಾಡಾಕ್ಕೆ ಬಂದದ್ದು ಆಮೇಲೆ.

ದುಂಡನೆಯ ದೊಡ್ಡಿಯೊಳಗೆ ಕೈದಿ ಮತ್ತು ಕುದುರೆ, ಎರಡೇ ಜೀವ. ಕುದುರೆಯ ಕಣ್ಣುಗಳಿರುವುದು ತಲೆಯ ಎರಡು ಪಕ್ಕದಲ್ಲಿ. ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಬಿಟ್ಟರೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಎದೆಯುಬ್ಬಿಸಿ ದಿಟ್ಟಿಸುತ್ತ ನೇರ ನಡೆದರೆ ಅದು ಬೇಲಿಗುಂಟ ಓಡುತ್ತದೆ. ಅದಕ್ಕೇ ಕೈದಿ ಭುಜ ಸಡಿಲಿಸಿ, ಓರೆಯಾಗಿ ಒಂದು ಹೆಜ್ಜೆ ಇಡುತ್ತಾನೆ. ಕುದುರೆ ಒಂದು ಕಿವಿಯನ್ನು ಅವನತ್ತ ತಿರುಗಿಸಿದ್ದೇ ತಡ, ಹಿಂದೆ ಸರಿಯುತ್ತಾನೆ. ಅವನು ಹಿಂದೆ ಸರಿದದ್ದೇ ಅದಕ್ಕೆ ಸಿಕ್ಕ ಬಹುಮಾನ. ಅದು ತಲೆ ತಗ್ಗಿಸಿ, ತುಟಿ ನೆಕ್ಕಿ, ಬರಿಬಾಯಿ ಅಗಿಯತೊಡಗಿದರೆ ಮೈಯ ಬಿಗಿ ಇಳಿಯಿತೆಂದು ಲೆಕ್ಕ.

ಜೈಲಿನ ಬದುಕು ಕಲಿಸುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಹಿಂದೆ ಸರಿದವನು ಸೋತವನು, ಮುಖ ಸದಾ ಗಡುಸಾಗಿರಬೇಕು. ದೊಡ್ಡಿಯಲ್ಲಿ ಆ ಗತ್ತು ನಡೆಯದು. ಬೆಳಿಗ್ಗೆ ಯಾರೊಂದಿಗೋ ಜಗಳವಾಡಿ ಬಂದವನ ಬಿರುಸು ನಡಿಗೆಯಲ್ಲೇ ಕುದುರೆಗೆ ತಿಳಿಯುತ್ತದೆ. ಸಿಟ್ಟಿನಲ್ಲಿ ಒಂದೇಟು ಹಾಕಿದರೆ ಅಷ್ಟು ದಿನದ ಕೆಲಸ ನೀರಲ್ಲಿ ಹೋಮ. ಅವನು ಮೊದಲು ತನ್ನ ಉಸಿರನ್ನು ಹದಕ್ಕೆ ತರಬೇಕು, ಅದಾಗದ ದಿನ ಕೆಲಸವೂ ಆಗುವುದಿಲ್ಲ. ಕೋಪ ನಿಗ್ರಹಿಸುವ ಬಗ್ಗೆ ಎಷ್ಟು ಉಪನ್ಯಾಸ ಕೇಳಿದರೂ ಇಂಥ ಅಭ್ಯಾಸ ಮೈಗೆ ಹತ್ತದು ಎಂಬುದು ನನ್ನ ನಂಬಿಕೆ.

ಗೊರಸು ಎತ್ತಿಸುವುದು ಇನ್ನೂ ಕಷ್ಟ. ಕಾಡಿನಲ್ಲಿ ಓಟವೇ ಕುದುರೆಯ ಪ್ರಾಣ. ಕಾಲನ್ನು ಇನ್ನೊಬ್ಬರ ಕೈಗೆ ಕೊಟ್ಟು ಮೂರು ಕಾಲ ಮೇಲೆ ನಿಲ್ಲುವುದೆಂದರೆ ಆ ಓಟವನ್ನೇ ಒಪ್ಪಿಸಿಬಿಡುವುದು. ಯಾರೂ ತನ್ನನ್ನು ನಂಬುವುದಿಲ್ಲವೆಂದು ಕುಗ್ಗಿದ ಮನುಷ್ಯನ ಅಂಗೈಗೆ ಆ ಕಾಲು ಬರುತ್ತದೆ. ಗೊರಸಿನ ಸಂದಿಯ ಮಣ್ಣು ಕೆರೆದು, ಮೆಲ್ಲಗೆ ಕೆಳಗಿಡಬೇಕು, ಕೈಬಿಟ್ಟು ದೊಪ್ಪನೆ ಬೀಳಿಸಬಾರದು.

ಹಿಡಿದು ತಂದ ಮಸ್ಟಾಂಗ್‌ಗಳ ಕತ್ತಿನ ಎಡಬದಿಗೆ ಅತಿಶೀತಲ ಲೋಹದಿಂದ ಗುರುತು ಒತ್ತುತ್ತಾರೆ, ಅಲ್ಲಿ ರೋಮ ಬಿಳಿಯಾಗಿ ಬೆಳೆಯುತ್ತದೆ. ಅದು ಕುದುರೆಯ ನೋಂದಣಿ ಸಂಖ್ಯೆ. ಜೀನು ಬಿಗಿಯುವ ಕೈದಿಗೂ ಒಂದು ಸಂಖ್ಯೆ ಇದೆ.

ಕುದುರೆ ಮುಟ್ಟಿದವರೆಲ್ಲ ಬದಲಾದರು ಎನ್ನಲಾರೆ. ಆದರೆ ಹರಾಜಿನ ದಿನ ಹೊರಗಿನ ಜನ ಕೈದಿಯ ಬಳಿ ಬಂದು, ಈ ಕುದುರೆಗೆ ಯಾವುದರ ಭಯ, ಹೇಗೆ ನೋಡಿಕೊಳ್ಳಬೇಕು ಎಂದು ಕೇಳುತ್ತಾರೆ. ಉತ್ತರ ಬಲ್ಲವನು ಅವನೊಬ್ಬನೇ. ಕುದುರೆಗಳು ಹೊಸ ಯಜಮಾನರೊಂದಿಗೆ ಹೊರಡುತ್ತವೆ, ಕೆಲವು ಗಡಿ ಗಸ್ತು ಪಡೆಗೂ ಸೇರಿವೆ. ಬಿಡುಗಡೆಯಾದ ಮೇಲೆ ಕುದುರೆ ಪಳಗಿಸುವುದನ್ನೇ ಕಸುಬಾಗಿಸಿಕೊಂಡ ಕೈದಿಗಳೂ ಇದ್ದಾರೆ.